ಇಳಿಬಿಟ್ಟ ಕಣ್ಣು

ನನ್ನ ಕಸುಬಿಗೆ ಸರಿಯಾದ ಹೆಸರಿಲ್ಲ.
ಜಗಳೂರಲ್ಲಿ ಯಾರನ್ನೇ ಕೇಳಿ,
‘ಬೋರಿಗೆ ಕ್ಯಾಮೆರಾ ಬಿಡೋ ದಾದಾಪೀರ್’ ಅಂತಾರೆ.
ಬೋರು ಕೇಳಿಸದೆ ಬರೀ ಕ್ಯಾಮೆರಾ ಕೇಳಿಸಿಕೊಂಡ ಒಬ್ಬರು
ಮಗಳ ಮದುವೆಗೆ ಮುಂಗಡ ಕೊಟ್ಟು ಹೋಗಿದ್ದರು.

ಇವತ್ತು ಹುಡುಗಿಯರ ಹಾಸ್ಟೆಲ್ಲಿನ ಹಿತ್ತಲು.
ಮೂರು ದಿನದಿಂದ ಮೋಟಾರು ಗಾಳಿ ಉಗುಳುತ್ತಿದೆ.
ತೊಂಬತ್ತು ತಲೆ, ದಿನಕ್ಕೊಂದು ಟ್ಯಾಂಕರು.
ಅಡುಗೆಯ ಹಾಲಮ್ಮ
ಅಕ್ಕಿ ತೊಳೆದ ನೀರಲ್ಲಿ ತಟ್ಟೆ ತೊಳೆದು,
ತಟ್ಟೆ ತೊಳೆದದ್ದನ್ನು ಕರಿಬೇವಿನ ಬುಡಕ್ಕೆ ಹೊಯ್ದು,
‘ಇನ್ನೇನು ತೊಳೀಲಿ ಇದರಾಗೆ, ನೀವೇ ಹೇಳ್ರಿ’
ಎನ್ನುತ್ತಾಳೆ ಇಂಜಿನಿಯರಿಗೆ.

ಮುಕ್ಕಾಲಿ ನಿಲ್ಲಿಸಿ, ರಾಟೆಗೆ ಕೇಬಲ್ಲು ಸುತ್ತಿ,
ಎಂಟು ಪುಟ್ಟ ದೀಪಗಳ ನಡುವೆ ಕೂತ ಕಣ್ಣನ್ನು
ಬಿಸ್ಮಿಲ್ಲಾ ಎಂದು ಒಳಗೆ ಬಿಟ್ಟೆ.
ಬಿಸಿಲು ಬೀಳದಂತೆ ಟಿವಿಯ ಮೇಲೆ
ನಾಲ್ಕು ದುಪಟ್ಟಾ ಚಪ್ಪರ ಕಟ್ಟಿದವು.

ಇಪ್ಪತ್ತು ಅಡಿ. ಕಬ್ಬಿಣದ ಪೈಪು, ಒಂದು ಜೇಡ.
ಎಂಬತ್ತು. ಬೇವಿನ ಬೇರು,
ನನಗಿಂತ ಮೊದಲೇ ಹುಡುಕಲು ಬಂದು
ಅಲ್ಲೇ ಒಣಗಿ ನೇತಾಡುತ್ತಿದೆ.
ಆಮೇಲೆ ಕಲ್ಲು.
ಕಲ್ಲಿನ ಸುತ್ತ ಬಿಳಿ ಗೆರೆ,
ಬಳೆ ತೊಡಿಸಿದ ಹಾಗೆ
ಒಂದರ ಕೆಳಗೊಂದು, ಒಂದರ ಕೆಳಗೊಂದು.

‘ಅಣ್ಣಾ, ಇವೇನು?’
ಕೇಳಿದವಳು ಹಾಜರಿಯಲ್ಲಿ ದುರ್ಗಾಶ್ರೀ,
ಮನೆಯಲ್ಲಿ ದುರುಗಮ್ಮ.
ನೀರು ನಿಂತಿದ್ದು ಹೋದ ಗುರುತವ್ವ.
ಲೋಟದ ಒಳಮೈಗೆ ಚಹಾದ ಗೆರೆ ಉಳಿಯುತ್ತಲ್ಲ,
ಗುಟುಕಿಗೊಂದು ಕೆಳಗೆ, ಹಾಗೆ.
ಇದು ಹಾಸ್ಟೆಲ್ ಕಟ್ಟಿದ ವರ್ಷದ್ದಿರಬೇಕು.
ಇದು ಇನ್ನೂ ಆಳಕ್ಕೆ ಮತ್ತೆ ಕೊರೆದಾಗಿನದು.

ಅವಳು ಬೆರಳಿಟ್ಟು ಎಣಿಸಿದಳು, ಹನ್ನೊಂದು.
‘ನಾವು ಇಷ್ಟು ಕುಡಿದಿಲ್ಲಣ್ಣಾ.’

ಕಾಂಪೌಂಡಿನಾಚೆ ದಾಳಿಂಬೆ ತೋಟ,
ಅದರಾಚೆ ಲಾರಿ ತೊಳೆಯುವ ಶೆಡ್ಡು,
ಅದರಾಚೆ ನನ್ನ ಮನೆ.
ಮೊನ್ನೆ ಸ್ವಿಚ್ಚು ಹಾಕಿ ಮಲಗಿದ್ದೆ.
ಬೆಳಗಿನ ಜಾವದವರೆಗೂ ಸಂಪು ಉಕ್ಕಿ
ಬೀದಿಯ ಉದ್ದಕ್ಕೂ ಹರಿದಿತ್ತು.
ಅದನ್ನು ಅವಳಿಗೆ ಹೇಳಲಿಲ್ಲ.

ನೂರ ನಲವತ್ತಾರು. ರಾಟೆಯ ಮೇಲೆ ಕೈ ತಾನೇ ನಿಂತಿತು.
ಪಡುವಣ ಗೋಡೆಯಲ್ಲಿ ಕೂದಲೆಳೆಯ ಬಿರುಕು,
ಬಿರುಕಿನ ತುಟಿಯಲ್ಲಿ ಹೊಳಪು.
ಒಂದು ಹನಿ ದಪ್ಪವಾಯಿತು, ಯೋಚಿಸಿತು, ಬಿತ್ತು.

‘ಗೋಕಟ್ಟೆ!’ ಹಾಲಮ್ಮ ಸೌಟು ಹಿಡಿದೇ ಓಡಿ ಬಂದಳು.
ಹೋದ ಬೇಸಿಗೆ ರಜೆಯಲ್ಲಿ ಹೂಳೆತ್ತಿದ್ದರಂತೆ.
ಆಮೇಲೆ ಬಂದದ್ದು ಒಂದೇ ಹದ ಮಳೆ.
‘ಹದಿನಾಕು ದಿನ ಬುಟ್ಟಿ ಹೊತ್ತೀನಿ ನಾನು.
ನಮ್ಮ ಗೋಕಟ್ಟೆ ನೀರೇ ಕಣ್ರಿ ಇದು!’
ಇರಬಹುದು. ಇಲ್ಲದೆಯೂ ಇರಬಹುದು.
ಹನಿ ತನ್ನ ಊರು ಹೇಳುವುದಿಲ್ಲ.

‘ಒರತೆ ನೋಡಿಕೊಂಡು ಕೂತರೆ ಆಗಲ್ಲ, ಇಳಿಸ್ರಿ.’
ಇಂಜಿನಿಯರು ಗಡಿಯಾರ ನೋಡಿದರು.

ನಾನೂರು. ಆರುನೂರು. ಯಾರೋ ಕಳಕೊಂಡ ಹಗ್ಗ.
ಎಂಟುನೂರ ಎಪ್ಪತ್ತಕ್ಕೆ ನೀರು.
ಕಪ್ಪಗೆ, ಅಲುಗದೆ.
ನನ್ನ ಎಂಟು ದೀಪ ಅದರ ಮೇಲೆ ನಡುಗಿದವು.
ಆರಿದ್ರ, ಪುನರ್ವಸು ಎಂದು ಮಳೆಗೆ ಹೆಸರಿಡುವವರು
ಹುಟ್ಟುವ ಮುಂಚೆ ಸುರಿದದ್ದೋ ಏನೋ.
ಹುಡುಗಿಯರು ಚಪ್ಪಾಳೆ ತಟ್ಟಿದರು.
ನನಗೆ ಮಾತ್ರ, ಮಲಗಿದ ಮುದುಕಿಯ ಕೋಣೆಗೆ
ಟಾರ್ಚು ಬಿಟ್ಟುಕೊಂಡು ನುಗ್ಗಿದಂತಾಯಿತು.

ಫಾರಮ್ಮಿನಲ್ಲಿ ನಾಲ್ಕೇ ಖಾನೆ.
ಒಟ್ಟು ಆಳ, ನೀರಿನ ಮಟ್ಟ, ಎಷ್ಟು ಇಂಚು,
ಯಾವ ಮೋಟಾರು.
ತುಂಬಿದೆ. ಸಹಿ ಹಾಕಿದೆ.
ಆಮೇಲೆ ಅಂಚಿನ ಖಾಲಿ ಜಾಗದಲ್ಲಿ, ಪೆನ್ಸಿಲಿನಲ್ಲಿ:
೧೪೬ ಅಡಿ, ಪಡುವಣ ಗೋಡೆ, ಒಂದು ಒರತೆ.
ಗೋಕಟ್ಟೆಯದು ಎಂದು ಹಾಲಮ್ಮನ ಹೇಳಿಕೆ.

ಕೇಬಲ್ಲು ಮೇಲೆಳೆಯುವಾಗ
ಅಲ್ಲಿಗೆ ಬಂದು ಮತ್ತೆ ನಿಧಾನಿಸಿದೆ.
ಹನಿ ಗಾಜಿನ ಮೇಲೆ ಜಾರಿ
ಪರದೆಯೆಲ್ಲ ಮಸುಕಾಯಿತು.
ಒರೆಸು ಎಂದು ಯಾರೂ ಅನ್ನಲಿಲ್ಲ.